ಅಗ್ಗದ ಶಾಯಿ

"ಇದರ ಶಾಯಿಗಿ ಎಷ್ಟ್ ಬೀಳ್ತದ?"

ಸಂಗಮ್ಮ ಪ್ರಿಂಟರ್ ಯಂತ್ರದ ಬೆಲೆ ಕೇಳಲೇ ಇಲ್ಲ. ಅಂಗಡಿಯ ಮಧುಕರ ಗುಲಾಬಿ ಹೂವಿನ ಫೋಟೋ ಒಂದನ್ನು ಬಿಸಿಬಿಸಿಯಾಗಿ ಹೊರತೆಗೆದು ಅವರ ಮುಂದಿಟ್ಟಿದ್ದ. ಸ್ಕ್ಯಾನು, ಝೆರಾಕ್ಸು, ಫೋಟೋ ಮೂರೂ ಒಂದೇ ಡಬ್ಬಿಯಲ್ಲಿ. ಎಸಳಿನ ಮೇಲಿನ ಹನಿ ಕೂಡ ಲೆಕ್ಕಕ್ಕೆ ಸಿಗುವಂತಿತ್ತು.

"ಕಂಪನಿಯ ಇಂಕೇ ಹಾಕಬೇಕು ವಹಿನೀ. ಸ್ವಲ್ಪ ತುಟ್ಟಿ. ಆದರೆ ಮುಖ ಕನ್ನಡಿಯಲ್ಲಿ ನೋಡಿದ ಹಾಗೆ ಬರುತ್ತೆ," ಎಂದ ಅವನು ಮರಾಠಿಯಲ್ಲಿ.

"ಇದೇ ಇರಲಿ ಅಣ್ಣಾ," ಎಂದ ಮೈದುನ ಚಂದ್ರಾಮಪ್ಪ.

"ಶಾಯಿಗೇ ಎಲ್ಲಾ ಸುರದ್ರ ಊರೂರು ತಿರಗಲಿಕ್ಕ ಏನ್ ಉಳೀತದ? ನಾವೇನು ಮದುವಿ ಆಲ್ಬಮ್ ಮಾಡ್ಲಿಕತ್ತೀವಾ? ಗ್ವಾಡಿಗಿ ಹಚ್ಚೋದು." ಸಂಗಮ್ಮ ಮೂಲೆಯಲ್ಲಿದ್ದ ಸಣ್ಣ ಯಂತ್ರದ ಕಡೆ ಕೈ ತೋರಿಸಿದಳು. ಬಾಟಲಿಯ ಶಾಯಿ ತಂದು ಸಿರಿಂಜಿನಿಂದ ತುಂಬಿಸಿಕೊಂಡರೂ ನಡೆಯುವಂಥದ್ದು.

ಗಂಡ ರೇವಣಪ್ಪ ಇಬ್ಬರ ಮುಖವನ್ನೂ ನೋಡಿದ. ಔರಂಗಾಬಾದಿನ ಚಿಕಲಠಾಣಾದ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಗದ್ದಲ ಕೇಳಿ ಬಂದವನಿಗೆ ಮನೆಯವರ ವಾದ ಕೇಳುವ ತ್ರಾಣವಿರಲಿಲ್ಲ. ಹಾಲಿನ ಪಾಕೀಟು ತೊಳೆದ ನೀರನ್ನೂ ಚಹಾಕ್ಕೆ ಸುರಿಯುವ ಹೆಂಗಸು ಅವಳು. ಸಣ್ಣ ಯಂತ್ರವೇ ಮನೆಗೆ ಬಂತು.

ಅವರ ಮಗಳು ರೂಪಾ ಕಾಲೇಜಿಗೆಂದು ಹೋದವಳು ತಿರುಗಿ ಬಂದಿರಲಿಲ್ಲ. ಯಾವನೋ ಹುಡುಗ, ಬೇರೆ ಜಾತಿಯವ, ನಾಸಿಕ್ ಕಡೆಯವನಂತೆ. ಅದರಾಚೆ ಏನೂ ತಿಳಿಯದು. ಸುದ್ದಿ ಕಿವಿಗೆ ಬಿದ್ದದ್ದೇ ಚಂದ್ರಾಮಪ್ಪ ಭಾಲ್ಕಿಯಿಂದ ಬಂದಿಳಿದಿದ್ದ. ಪೊಲೀಸರ ಕಡೆ ಹೋಗುವುದು ಬೇಡವೆಂದವನು ಅವನೇ. ಪ್ರೆಸ್ಸಿನಲ್ಲಿ ಛಾಪಿಸುವುದೂ ಬೇಡ, ಪ್ರೆಸ್ಸಿನವನು ನಮ್ಮ ಬೀದರಿನವನು, ನಾಳೆ ಬೆಳಗಾಗುವುದರಲ್ಲಿ ಬಳಗದ ಬಾಯಿಗೆಲ್ಲ ಎಲೆ ಅಡಿಕೆ ಆದೀತು. ಔರಂಗಾಬಾದಿನಲ್ಲಿ ಒಂದು ಚೀಟಿಯನ್ನೂ ಅಂಟಿಸಕೂಡದು. ನಾಸಿಕ್, ಮಾಲೇಗಾಂವ್, ಆ ಕಡೆಯ ಊರುಗಳಲ್ಲಿ ಮಾತ್ರ. ಚೀಟಿಯಲ್ಲಿ ಫೋಟೋ ಮಾತ್ರ, ಹೆಸರಿರಲಿಲ್ಲ. ಮೇಲೆ ಮರಾಠಿಯಲ್ಲಿ 'ಕಾಣೆಯಾಗಿದ್ದಾಳೆ', ಕೆಳಗೆ ಚಂದ್ರಾಮಪ್ಪ ಇದಕ್ಕೆಂದೇ ಕೊಂಡ ಹೊಸ ನಂಬರು.

ಛಾಪಿಸುವ ಕೆಲಸವನ್ನು ಸಂಗಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಎರಡು ಜಡೆ ಹಾಕಿಕೊಂಡ, ಸಾಲೆಯ ದಿನಗಳ ಫೋಟೋ ಒಂದೇ ಕೈಗೆ ಸಿಕ್ಕಿತೆಂದಳು. ಶಾಯಿ ಹೆಚ್ಚು ದಿನ ಬರಲೆಂದು ಬಾಟಲಿಗೆ ಚೂರು ನೀರು ಬೆರೆಸಿದಳು.

"ವೈನಿ, ನಿಮ್ಮ ಹಿಡಿತಕ್ಕ ದಂಡವತ್," ಎಂದ ಚಂದ್ರಾಮಪ್ಪ, ಒಂದು ಹಾಳೆಯನ್ನು ಬೆಳಕಿಗೆ ಹಿಡಿದು. "ಪೋರಿಗಿ ಕಾಮಣಿ ಆದಂಗ ಮಾರಿ ಹಳದಿ ಕಾಣ್ತದಲ್ರೀ."

"ಹಡದಾಕಿ ನಾನು. ನನಗ ಗುರ್ತು ಸಿಗ್ತದ."

"ನಿಮಗ ಸಿಕ್ಕರ ಏನು ಬಂತು? ಮಂದಿಗಿ ಸಿಗಬೇಕು!"

ಪ್ರತಿ ಸಲವೂ ಅವಳು ಅವರ ಸಂಗಡ ಹೊರಟಳು. ಹೆಂಗಸು ಕೇಳಿದರೆ ಜನ ಬಾಗಿಲು ತೆರೆಯುತ್ತಾರೆ ಎಂದಳು. ಮೈದಾ ಕಾಯಿಸಿದ ಅಂಟಿನ ಡಬ್ಬಿ ಹಿಡಿದು ಕಂಬ, ಗೋಡೆ, ಬಸ್ ಸ್ಟ್ಯಾಂಡು ಎಂದು ತಾನೇ ಹಚ್ಚಿದಳು. ಮಳೆಗಾಲ. ಮಾಲೇಗಾಂವ್‌ನ ಗೋಡೆಗಳ ಮೇಲೆ ಮಗಳ ಮುಖ ಸಂಜೆಯೊಳಗೆ ನೇರಳೆಯಾಗಿ, ಮರುದಿನಕ್ಕೆ ಬರೀ ಕಲೆಯಾಗಿ ಉಳಿಯುತ್ತಿತ್ತು. ಸಂಗಮ್ಮ ಅದನ್ನು ಬಹಳ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು. ಚಂದ್ರಾಮಪ್ಪನ ಫೋನು ರಿಂಗಾದರೆ ಅವಳು ಕೈಯ ಲೋಟ ಕೆಳಗಿಟ್ಟು ಕಿವಿಗೊಡುತ್ತಿದ್ದಳು. ಅದು ಬೇರೆ ಯಾರದೋ ಫೋನೆಂದು ಗೊತ್ತಾದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ತಾಯಿ ಕರುಳು ಎಂದು ಕಂಡವರು ಮರುಗಿದರು.

"ಸಿಕ್ಕರ ಸಾಕು ಅಣ್ಣಾ," ಎಂದ ಚಂದ್ರಾಮಪ್ಪ ಒಂದು ದಿನ ಊಟದ ಮುಂದೆ. "ಜೀಪು ಹೇಳಿಟ್ಟೀನಿ. ಡ್ರೈವರ್ ಬ್ಯಾಡ ಅಂದೀನಿ, ನಾನೇ ಹೊಡೀತೀನಿ. ಮುಂದಿಂದು ನನಗ ಬಿಡ್ರಿ. ಮನೆತನದ ಹೆಸರು ಅದ."

ರೇವಣಪ್ಪ ರೊಟ್ಟಿ ಮುರಿದ. ಸಂಗಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಅದು ರೊಟ್ಟಿ ಅಗಿಯಿತು, ಅಷ್ಟೇ.

ಶ್ರಾವಣ ಬಂತು. ಒಬ್ಬನೇ ನಾಸಿಕ್‌ಗೆ ಹೋಗಿದ್ದ ಚಂದ್ರಾಮಪ್ಪ ಬಗಲಲ್ಲಿ ದೊಡ್ಡ ಕಟ್ಟು ಹಿಡಿದು ಬಂದ. ಅಲ್ಲಿನ ಅಂಗಡಿಯೊಂದರಲ್ಲಿ ರೂಪಾಳ ಹೊಸ ಫೋಟೋ ಕೊಟ್ಟು ಛಾಪಿಸಿಕೊಂಡಿದ್ದ. ಅವಳ ಗೆಳತಿಯ ಫೇಸ್‌ಬುಕ್ಕಿನಲ್ಲಿ ಸಿಕ್ಕಿತಂತೆ. ಗಲ್ಲದ ಮೇಲಿನ ಮಚ್ಚೆ, ನಗುವಾಗ ಬೀಳುವ ಕುಳಿ, ಎಲ್ಲ ಇದ್ದ ಹಾಗೇ ಇತ್ತು.

"ರೊಕ್ಕ ಹೋದ್ರ ಹೋಗಲಿ ವೈನಿ. ನೀರಿಗಿ ಅಳಸಂಗಿಲ್ಲ, ಬಿಸಲಿಗಿ ಮಾಸಂಗಿಲ್ಲ. ನಾಳಿ ಸಟಾಣಾ ಕಡಿ ಹೋಗಾಮು."

ಸಂಗಮ್ಮ ಆ ದಿನ ಊಟ ಮಾಡಲಿಲ್ಲ.

ಸಟಾಣಾದಲ್ಲಿ ಉಳ್ಳಾಗಡ್ಡಿ ಲಾರಿಗಳ ಸಾಲು ಮಳೆಯಲ್ಲಿ ತೊಯ್ಯುತ್ತ ನಿಂತಿತ್ತು. ಅಣ್ಣತಮ್ಮಂದಿರು ಮಾರ್ಕೆಟ್ಟಿನ ಕಡೆ ನಡೆದರು. ಬಸ್ ಸ್ಟ್ಯಾಂಡು ಸಂಗಮ್ಮನ ಪಾಲಿಗೆ ಬಂತು. ಅವಳು ಒಂದು ಹಾಳೆ ಕಂಬಕ್ಕೆ ಹಚ್ಚಿ, ಒದ್ದೆ ಸೆರಗಿನಿಂದ ಮಗಳ ಮುಖವನ್ನು ಒರೆಸಿದಳು. ಮತ್ತೆ ಒರೆಸಿದಳು. ಜೋರಾಗಿ ತಿಕ್ಕಿದಳು. ರೂಪಾ ಹಾಗೇ ನಗುತ್ತಿದ್ದಳು. ಡಾಳಿಂಬಿ ಬುಟ್ಟಿಯ ಮುದುಕಿಯೊಬ್ಬಳು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, "ಈ ಪೋರಿಯನ್ನ ಎಲ್ಲೋ ನೋಡಿದ ಹಾಗಿದೆಯಲ್ಲ," ಎಂದು ಮರಾಠಿಯಲ್ಲಿ ಗೊಣಗಿದಳು.

ಸಂಗಮ್ಮ ಅಂಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು, ಹೆಂಗಸರ ಕೋಣೆಯ ಪಕ್ಕದ ನಾಣ್ಯದ ಫೋನಿಗೆ ಓಡಿದಳು. ಬಾಯಿಪಾಠವಿದ್ದ ನಂಬರು ಒತ್ತಿದಳು.

"ರೂಪಾ, ಈಗಿಂದೀಗ ಸಟಾಣಾ ಬಿಡವ್ವಾ. ನಿಮ್ಮ ಕಾಕಾ ಚೊಲೋ ಶಾಯಿ ತಂದಾನ."