ಆರು ಸೊಂಟಕ್ಕೊಂದು ಬೆಲ್ಟು

ರಸ್ತೆಗೆ ಬಿದ್ದ ಮರ ತೆಗೆಯುವ ಪುರಸಭೆಯ ಆರು ಮಂದಿಗೆ, ಭಾರ ಎತ್ತುವಾಗ ಸೊಂಟ ಉಳುಕದಂತೆ ಕಾಯುವ ಬೆಲ್ಟು ಬಂದಿದೆಯೆಂದು ಸಾಹೇಬರು ಸಾರಿದರು. ಬಂದದ್ದು ಒಂದೇ.

"ಒಬ್ಬೊಬ್ರೇ ಕಟ್ಕೊಂಡು ದಿಮ್ಮಿ ಪಕ್ಕ ನಿಂತ್ಕೊಳ್ರಪ್ಪ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿರ್ಲಿ. ಫೋಟೊ ಮೇಲಕ್ಕೆ ಕಳಿಸ್ಬೇಕು."

ಬೆಲ್ಟು ಸೊಂಟದಿಂದ ಸೊಂಟಕ್ಕೆ ದಾಟುತ್ತಾ ಕಡೆಗೆ ದೊಡ್ಡೀರಯ್ಯನ ಬಳಿ ಬಂತು. ಜನ್ಮದಲ್ಲಿ ತನ್ನ ಫೋಟೊ ಯಾರೂ ತೆಗೆದಿರಲಿಲ್ಲವಲ್ಲ, ಅವನು ಹಲ್ಲೆಲ್ಲ ಕಾಣುವಂತೆ ನಕ್ಕ.

ಫೋಟೊ ಮುಗಿದದ್ದೇ ಸಾಹೇಬರು ಬೆಲ್ಟು ಬಿಚ್ಚಿಸಿಕೊಂಡರು.

"ಸಾ, ದಿಮ್ಮಿ ಎತ್ತೋದು ಈಗ ಅಲ್ವಾ?"

"ಬೆವರು ಹತ್ತಿದ್ರೆ ಹಾಳಾಗುತ್ತೆ ಕಣಯ್ಯ."

ಮಧ್ಯಾಹ್ನ ದಿಮ್ಮಿಗೆ ಹೆಗಲು ಕೊಟ್ಟಾಗ ದೊಡ್ಡೀರಯ್ಯನ ಸೊಂಟ ಚಳಕ್ಕೆಂದಿತು. ಮೂರು ದಿನ ಮಲಗಿದ್ದು, ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡು ಕಚೇರಿಗೆ ಬಂದ.

"ಕೆಲ್ಸದಲ್ಲಿ ಸೊಂಟ ಹೋಯ್ತು ಸಾ. ರಜ ಬರ್ಸ್ಕೊಡಿ."

ಸಾಹೇಬರು ಫೈಲು ತೆರೆದು ಅವನ ಫೋಟೊದ ಮೇಲೆ ಬೆರಳಿಟ್ಟರು. "ಬೆಲ್ಟು ಕಟ್ಟಿದೋನಿಗೆ ಸೊಂಟ ಉಳುಕಲ್ಲ. ಮನೇಲಿ ಏನು ಎತ್ತಿದ್ಯೋ ಏನೋ. ಇಲ್ಲಿ ನೋಡು, ಎಷ್ಟು ಚೆನ್ನಾಗಿ ನಗ್ತಾ ನಿಂತಿದ್ದೀಯ!"

ದೊಡ್ಡೀರಯ್ಯ ತನ್ನ ನಗುವನ್ನೇ ನೋಡುತ್ತಾ ನಿಂತ.

"ಹಂಗಾದ್ರೆ ಆ ಬೆಲ್ಟನ್ನಾದ್ರೂ ಕೊಡಿ ಸಾ. ಕಟ್ಕೊಂಡು ಹೆಂಗೋ ಮನೆ ಸೇರ್ಕತೀನಿ."

ಸಾಹೇಬರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು, ಅಂಗಿ ಮೇಲೆತ್ತಿ ತಮ್ಮ ಸೊಂಟಕ್ಕೆ ಕಟ್ಟಿದ್ದ ಅದೇ ಬೆಲ್ಟು ತೋರಿಸಿದರು.

"ನಿಮ್ಮ ಫೋಟೊ ಫೈಲಿಗೆ ಅಂಟಿಸೀ ಅಂಟಿಸೀ ನನ್ನ ಸೊಂಟಾನೇ ಹಿಡ್ಕೊಂಡಿದೆ, ಇದನ್ನೂ ಕೇಳ್ತೀಯಲ್ಲಯ್ಯ!"