ಹಿಮ್ಮೇಳದ ಪೆಡಲ್

ಹಾಡಿದ ಸಾಲನ್ನು ಹಿಡಿದಿಟ್ಟು, ಪೆಡಲ್ ತುಳಿದೊಡನೆ ಮತ್ತೆ ಮತ್ತೆ ಹಾಡುವ ಲೂಪ್ ಯಂತ್ರ ಸಿಗುತ್ತದೆಂದು ತಿಳಿದದ್ದೇ ತಡ, ಗಾಯಕ ಪ್ರಹ್ಲಾದರಾಯರು ಹದಿನೆಂಟು ವರ್ಷ ಹಿಮ್ಮೇಳ ಹಾಡಿದ ವಾರಿಜಮ್ಮನಿಗೆ, "ಇನ್ನು ನೀವು ಬರೋದು ಬೇಡಮ್ಮ" ಎಂದುಬಿಟ್ಟರು.

ಅಂಗಡಿಯಲ್ಲಿ ಎರಡು ಗುಂಡಿಯದು, ಆರು ಗುಂಡಿಯದು ಎಂದು ಹನ್ನೊಂದು ಪೆಡಲ್ ತುಳಿದು ನೋಡಿದರು.

"ಸಾರ್, ಸ್ಟೇಜ್ ಮೇಲೆ ನೀವು ನಿಂತು ಹಾಡ್ತೀರೋ..."

"ಸಂಗೀತ ನನಗೆ ಹೇಳಿಕೊಡೋಕೆ ಬರಬೇಡ್ರಿ!" ಎಂದು ಅಂಗಡಿಯವನ ಬಾಯಿ ಮುಚ್ಚಿಸಿದರು.

ಕಾರ್ಯಕ್ರಮದ ದಿನ ವೇದಿಕೆಯಲ್ಲಿ ಎಂದಿನಂತೆ ಚಕ್ಕಳಮಕ್ಕಳ ಹಾಕಿ ಕೂತರು. ಕೈಗಳೆರಡೂ ಹಾರ್ಮೋನಿಯಂ ಮೇಲೆ, ಕಾಲುಗಳೆರಡೂ ಪಂಚೆಯೊಳಗೆ. ಫಳಫಳ ಹೊಳೆಯುವ ಪೆಡಲ್ ಎದುರಿಗೇ ಇತ್ತು. ತುಳಿಯುವ ಕಾಲು ಮಾತ್ರ ಇರಲಿಲ್ಲ.

ಸಭಿಕರ ಮೊದಲ ಸಾಲಿನಲ್ಲಿ ವಾರಿಜಮ್ಮ ಕಂಡರು.

"ಅಮ್ಮಾ, ಸ್ವಲ್ಪ ಬಂದು ಇದನ್ನ ತುಳೀತೀರಾ?"

"ನನ್ನ ಗಂಟಲು ಬೇಡ ಅಂದ್ರಿ, ಈಗ ಕಾಲು ಬೇಕಾಯ್ತಾ ರಾಯರೇ?"