ಕೆಳಗೆ ಸರದಿ ಇದೆ

ಹುಡುಗಿ ಮತ್ತೊಮ್ಮೆ ತೂಕದ ಯಂತ್ರ ಹತ್ತಿದಳು. ಈ ಸಲ ಉಸಿರು ಬಿಗಿಹಿಡಿದಿದ್ದಳು, ಪ್ಯಾಂಟಿನ ಜೇಬು ಯಾಕೋ ಜೋತುಬಿದ್ದಿತ್ತು. ಮೇಡಂ ಕೈ ಚಾಚಿದರು. ಹುಡುಗಿ ಜೇಬಿನಿಂದ ಎರಡು ಸ್ಪ್ಯಾನರ್ ತೆಗೆದು ಆ ಕೈಯಲ್ಲಿಟ್ಟಳು. ಮುಳ್ಳು ಮೊದಲಿನ ಜಾಗಕ್ಕೇ ಬಂದು ನಿಂತಿತು. ಕೆಂಪು ಗೆರೆಗೆ ನಾಲ್ಕು ಕಿಲೋ ಕಡಿಮೆ.

ಗ್ಲೈಡರಿಗೆ ಎಂಜಿನ್ ಇಲ್ಲ. ಮುಂದಿನ ಸೀಟಿನಲ್ಲಿ ಕೂತವರ ಭಾರವೇ ಅದರ ಮೂಗನ್ನು ಹದದಲ್ಲಿಡಬೇಕು. ಸಣಕಲು ಮಕ್ಕಳ ಸೀಟಿನಡಿ ಬಿಗಿಯಲು ಸೀಸದ ತುಂಡುಗಳಿದ್ದವು. ಅವನ್ನು ಬೆಳಿಗ್ಗೆ ಬಂದ ಲಾರಿಗೆ ಮೇಡಂ ತಾವೇ ಹತ್ತಿಸಿ ಕಳಿಸಿದ್ದರು, ಒಂದು ಸಾಮಾನೂ ಹಿಂದೆ ಉಳಿಯಬಾರದೆಂದು ಕಪಾಟುಗಳನ್ನೆಲ್ಲ ತಡಕಾಡಿ. ಕೆಡೆಟ್ ಮಕ್ಕಳ ಈ ಗ್ಲೈಡಿಂಗ್ ಶಾಲೆಗೆ ಇದು ಕೊನೆಯ ದಿನ. ಸಂಜೆ ಗ್ಲೈಡರಿನ ರೆಕ್ಕೆಗಳನ್ನೂ ಬಿಚ್ಚಿ ಒಯ್ಯುತ್ತಾರೆ. ಅಷ್ಟರೊಳಗೆ ಹುಡುಗಿ ಒಬ್ಬಳೇ ಹಾರಿ ಇಳಿದರೆ ಅವಳ ಅಂಗಿಗೆ ರೆಕ್ಕೆಯ ಬ್ಯಾಡ್ಜ್ ಸಿಗುತ್ತದೆ. ಇಲ್ಲವಾದರೆ ಕಲಿತದ್ದೆಲ್ಲ ನೀರುಪಾಲು. ಎಲ್ಲಾ ಸರಿಯಾಗಿ ಮಾಡಬೇಕು ಅಂತ ಹೋಗಿ ನಾನೇ ಕೆಡಿಸಿಬಿಟ್ಟೆನಲ್ಲ ಎಂದು ಮೇಡಂ ಒಳಗೊಳಗೇ ಬೇಯುತ್ತಿದ್ದರು.

ಬೆಂಕಿ ಆರಿಸುವ ಬಕೆಟಿನಲ್ಲಿ ಮರಳು ಇದೆ, ಅದನ್ನೇ ಯಾವುದಾದರೂ ಚೀಲಕ್ಕೆ ತುಂಬಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಹುಡುಗಿ ಅಂಗಲಾಚಿದಳು. ಮೇಡಂ ಒಪ್ಪಲಿಲ್ಲ. ಮೇಲೆ ಹೋದಮೇಲೆ ಆ ಚೀಲ ಜಾರಿ ಗ್ಲೈಡರ್ ನಡೆಸುವ ಸ್ಟಿಕ್ಕಿಗೆ ಅಡ್ಡ ಕೂತರೆ ತೆಗೆಯುವವರು ಯಾರು? ಸೀಟಿಗೆ ಬಿಗಿಯಲು ಬರುವಂಥದ್ದೇ ಬೇಕು. ಹುಡುಗಿ ಅಳಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕುವುದು, ಬಿಚ್ಚುವುದು ಮಾಡುತ್ತಾ ನಿಂತಳು. ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು ಮೇಡಂಗೆ.

ಶೆಡ್ಡಿನ ಬಾಗಿಲ ಬಳಿ ಮಡಚುಕುರ್ಚಿಯಲ್ಲಿ ಹಳೇ ಸರ್ ಕೂತಿದ್ದರು. ಮೇಡಂ ಹುಡುಗಿಯಾಗಿದ್ದಾಗ ಅವರಿಗೆ ಹಾರಲು ಕಲಿಸಿದವರು. ಶಾಲೆ ಮುಚ್ಚುತ್ತಿದೆ ಎಂದು ಕೇಳಿ ಮಂಡಿನೋವಿನಲ್ಲೂ ಬಂದಿದ್ದರು. ಬಂದಾಗಿನಿಂದ ಹಳೆಯ ಭಾನುವಾರಗಳದ್ದೇ ಮಾತು. ಆಗ ಬೇಲಿಯುದ್ದಕ್ಕೂ ಮಕ್ಕಳು. ಇದ್ದ ಹೆಲ್ಮೆಟ್ಟುಗಳು ತಲೆಯಿಂದ ತಲೆಗೆ ಬಿಸಿ ಆರದಂತೆ ದಾಟುತ್ತಿದ್ದವು. ಮೇಲೆ ಹೋದವರಿಗೆ ಇಳಿಯಲು ಮನಸ್ಸಿಲ್ಲ, ಕೆಳಗಿದ್ದವರಿಗೆ ತಾಳ್ಮೆಯಿಲ್ಲ. ರೇಡಿಯೋ ಹಿಡಿದು ಸರ್ ದಿನವಿಡೀ ಒಂದೇ ಮಾತು ಕೂಗುತ್ತಿದ್ದರು: 'ಇಳೀರಿ, ಇಳೀರಿ, ಕೆಳಗೆ ಸರದಿ ಇದೆ.' ವರ್ಷ ವರ್ಷ ಆ ಸರದಿ ಸವೆಯುತ್ತಾ ಬಂದು ಈಗ ಈ ಹುಡುಗಿಯೊಬ್ಬಳಲ್ಲಿ ಬಂದು ನಿಂತಿತ್ತು.

ಈಗ ಸರ್ ಮಾತು ನಿಲ್ಲಿಸಿ ತಮ್ಮ ಕಾಲ ಹತ್ತಿರ ನೋಡುತ್ತಿದ್ದರು.

"ಗುಬ್ಬಿ, ಈ ಬಾಗಿಲು ಮುಚ್ಚಿಕೊಳ್ದೆ ನಿಂತಿದೆಯಲ್ಲ, ಏನಿಟ್ಟಿದೀಯ ಇದಕ್ಕೆ?"

ಹುಡುಗಿ ಕಣ್ಣರಳಿಸಿ ಮೇಡಂ ಮುಖ ನೋಡಿದಳು. ಗುಬ್ಬಿ!

ದಿನಾ ಬೆಳಿಗ್ಗೆ ಬಾಗಿಲು ತೆರೆದು, ಕಾಲಲ್ಲೇ ಅಲ್ಲಿಗೆ ತಳ್ಳುತ್ತಿದ್ದ ಮೂಟೆ. ಅದು ಏನೆಂದು ಮೇಡಂ ಎಷ್ಟೋ ವರ್ಷಗಳಿಂದ ನೋಡಿರಲೇ ಇಲ್ಲ. ಬಗ್ಗಿ ಎತ್ತಿದರು. ಗ್ರೀಸಿನಿಂದ ಕಪ್ಪಾದ, ಮರಳು ತುಂಬಿ ಹೊಲಿದ ಕ್ಯಾನ್ವಾಸ್ ಚೀಲ. ತಿರುಗಿಸಿದರೆ ಅಡಿಯಲ್ಲಿ ಕಟ್ಟುವ ಪಟ್ಟಿಗಳು, ಪಟ್ಟಿಯ ತುದಿಯಲ್ಲಿ ಬಕಲ್ಲು. ಸೊಟ್ಟಪಟ್ಟ ಹೊಲಿಗೆ. ಮೂಲೆಯಲ್ಲಿ ಪೇಂಟಿನಲ್ಲಿ ಬರೆದ ಹಕ್ಕಿ, ಹಕ್ಕಿಗಿಂತ ಆಲೂಗಡ್ಡೆಯ ಹಾಗೆ ಕಾಣುವಂಥದ್ದು. ಅವರು ಮೊದಲ ಸಲ ಒಬ್ಬರೇ ಹಾರಿದ್ದು ಇದರ ಮೇಲೆ ಕೂತು.

"ಸರ್, ಇದು ಸ್ಟೋರಿಂದ ಕೊಟ್ಟಿದ್ದು ಅಂದ್ಕೊಂಡಿದ್ದೆ."

"ಸ್ಟೋರಿನವರು ನಿನಗೆ, ಮುಂದಿನ ವರ್ಷ ದಪ್ಪ ಆಗಿ ಬಾ ಅಂದಿದ್ರು. ನಮ್ಮನೆಯವಳ ಮಿಷನ್ನಲ್ಲಿ ನಾನೇ ಹೊಲಿದೆ. ಸೂಜಿ ಮುರಿದು ಬೈಸಿಕೊಂಡೆ." ಸರ್ ನಕ್ಕರು. "ಮುಂದಿನ ವರ್ಷ ನೀನು ಬರ್ತಿರ್ಲಿಲ್ಲ."

"ಇಲ್ಲ ಸರ್. ಬರ್ತಿರ್ಲಿಲ್ಲ," ಎಂದರು ಮೇಡಂ. ಇಷ್ಟು ವರ್ಷ ಹೇಳದೆ ಉಳಿದಿದ್ದ ಕೃತಜ್ಞತೆ ಅಷ್ಟರಲ್ಲೇ ಹೇಳಿ ಮುಗಿಯಿತು.

ಹುಡುಗಿ ಚೀಲವನ್ನು ಅಪ್ಪಿಕೊಂಡು ಯಂತ್ರ ಹತ್ತಿದಳು. ಮುಳ್ಳು ಕೆಂಪು ಗೆರೆ ದಾಟಿತು. ಹೊಲಿಗೆಯನ್ನೂ ಪಟ್ಟಿಗಳನ್ನೂ ಮೇಡಂ ಜಗ್ಗಿ ಜಗ್ಗಿ ನೋಡಿದರು. ಮೂವರೂ ಹೊರಗೆ ನಡೆದರು. ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು; ಯಾರೂ ತಿರುಗಿ ನೋಡಲಿಲ್ಲ.

ಚೀಲವನ್ನು ಸೀಟಿಗೆ ಬಿಗಿದು, ಹಿಂದಿನ ಖಾಲಿ ಸೀಟಿನ ಬೆಲ್ಟುಗಳನ್ನೂ ಕಟ್ಟಿ ಮೇಡಂ ದೂರ ಸರಿದರು. ರೆಕ್ಕೆಯ ತುದಿ ಹಿಡಿಯಲು ಸರ್ ತಾವೇ ನಿಂತರು. ಮೈದಾನದ ಆ ತುದಿಯಲ್ಲಿ ಹಗ್ಗ ಸುತ್ತುವ ವಿಂಚ್ ಯಂತ್ರ ಗುರುಗುಟ್ಟಿ ಗ್ಲೈಡರನ್ನು ಎಳೆಯಿತು. ಸರ್ ನಾಲ್ಕು ಹೆಜ್ಜೆ ಕುಂಟುತ್ತಾ ಓಡಿದರು, ರೆಕ್ಕೆ ಅವರ ಕೈಬಿಟ್ಟಿತು. ಹುಡುಗಿ ಏರಿದಳು, ಹಗ್ಗ ಕಳಚಿದಳು, ತಿರುಗಿದಳು. ಅಷ್ಟರಲ್ಲಿ ಹುಲ್ಲು ಸರ್ರನೆ ಒಂದು ಕಡೆಗೆ ಬಾಗಿತು. ಕಾದ ನೆಲದಿಂದ ಗಾಳಿ ಮೇಲೇಳುತ್ತಿತ್ತು. ಇಳಿಯಬೇಕಿದ್ದ ಗ್ಲೈಡರ್ ಬಿಳಿ ಕಾಗದದ ಚೂರಿನಂತೆ ಮೇಲಕ್ಕೇ ಹೋಗತೊಡಗಿತು.

ರೇಡಿಯೋ ಕರಕರ ಎಂದಿತು. "ಮೇಡಂ, ತಾನಾಗೇ ಮೇಲೆ ಹೋಗ್ತಾ ಇದೆ. ತುಂಬಾ ಚೆನ್ನಾಗಿದೆ. ಇಳಿದುಬಿಡ್ಲಾ?"

ಮೇಡಂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ರೆಕ್ಕೆ ಅಲುಗದೆ ನಿಂತಿತ್ತು, ತಿರುವು ದುಂಡಗಿತ್ತು. ಅವರು ರೇಡಿಯೋವನ್ನು ಸರ್ ಕೈಗೆ ಕೊಟ್ಟರು. ಹಳೆಯ ಅಭ್ಯಾಸದಂತೆ ಸರ್ ಬಾಯಿ ತೆರೆದರು, ಮುಚ್ಚಿದರು. ಬೇಲಿಯ ಕಡೆ ಒಮ್ಮೆ ನೋಡಿದರು.

"ನಿಧಾನಕ್ಕೆ ಬಾ, ಮಗಳೇ," ಎಂದರು. "ಕೆಳಗೆ ಸರದಿ ಇಲ್ಲ."